ವಾಲ್ವ್ ಸಿಂಥಸೈಜರ್‌ಗೆ 250 ವೋಲ್ಟ್: ಶ್ರುತಿ ಬಿಡದ ಪವರ್ ಸಪ್ಲೈ ಕಟ್ಟುವ ಬಗೆ

ನಾನು ಕಟ್ಟಿದ ಮೊದಲ ವಾಲ್ವ್ ಆಸಿಲೇಟರ್, ಅಂದರೆ ಹಳೆಯ ರೇಡಿಯೊಗಳಲ್ಲಿ ಇರುವಂಥ ಗಾಜಿನ ವಾಲ್ವ್‌ನಿಂದ ಸ್ವರ ಹುಟ್ಟಿಸುವ ಸರ್ಕ್ಯೂಟ್, ಚೆನ್ನಾಗಿಯೇ ಹಾಡುತ್ತಿತ್ತು. ತಂಬೂರಿ ಆ್ಯಪ್ ಹಾಕಿಕೊಂಡು ಷಡ್ಜಕ್ಕೆ ಕೂಡಿಸಿದ್ದೆ. ಸಂಜೆ ಪಕ್ಕದ ಮನೆಯವರು ಸಂಪಿನ ಮೋಟಾರ್ ಹಾಕಿದರು. ನನ್ನ ಷಡ್ಜ ಜಾರಿ ನಿಷಾದಕ್ಕಿಂತ ಕೆಳಗೆ ಹೋಗಿ ನಿಂತಿತು. ಮೋಟಾರ್ ಆಫ್ ಆದ ಮೇಲೆ ಮತ್ತೆ ಮೇಲೆ ಬಂತು. ಸಾಕೆಟ್‌ಗೆ ಮೀಟರ್ ಹಿಡಿದು ನೋಡಿದರೆ 228 ವೋಲ್ಟ್ ಇದ್ದದ್ದು 209ಕ್ಕೆ ಇಳಿದಿತ್ತು. ಅಂದರೆ ಶೇಕಡಾ 8ರಷ್ಟು. ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ ಇರುವ ಅಂತರವೇ ಸುಮಾರು ಶೇಕಡಾ 6.

ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಎಚ್‌ಟಿ (ವಾಲ್ವ್ ನಡೆಸುವ ಹೆಚ್ಚಿನ ಡಿಸಿ ವೋಲ್ಟೇಜ್) ಶೇಕಡಾ 8 ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸಿಂಥ್‌ನಲ್ಲಿ ಹಾಗಲ್ಲ. ಎಷ್ಟೋ ವಾಲ್ವ್ ಆಸಿಲೇಟರ್‌ಗಳಲ್ಲಿ ಒಂದು ಕಂಡೆನ್ಸರ್ ಎಷ್ಟು ಬೇಗ ತುಂಬುತ್ತದೆ ಅನ್ನುವುದರ ಮೇಲೆ ಸ್ವರ ನಿಂತಿರುತ್ತದೆ. ಅದನ್ನು ತುಂಬಿಸುವುದು ಎಚ್‌ಟಿ. ಹಾಗಾಗಿ ಸಿಂಥ್‌ನಲ್ಲಿ ಪವರ್ ಸಪ್ಲೈ ಕೂಡ ವಾದ್ಯದ ಭಾಗವೇ. ಅದು ಅಲ್ಲಾಡಿದರೆ ಶ್ರುತಿ ಅಲ್ಲಾಡುತ್ತದೆ. ಈ ಲೇಖನದಲ್ಲಿ ಕಟ್ಟುವ ಸಪ್ಲೈ ಆರು 12ಎಎಕ್ಸ್7 ಅಥವಾ 12ಎಯು7 ವಾಲ್ವ್‌ಗಳನ್ನು ನಡೆಸುತ್ತದೆ: 250 ವೋಲ್ಟ್ 60 ಮಿಲಿಆಂಪ್, ಆಸಿಲೇಟರ್‌ಗೆ ಬೇರೆಯಾಗಿ 150 ವೋಲ್ಟ್, ವಾಲ್ವ್ ಒಳಗಿನ ಬಿಸಿ ತಂತಿಗೆ, ಅಂದರೆ ಹೀಟರ್‌ಗೆ, 12.6 ವೋಲ್ಟ್ ಡಿಸಿ. 1939ರಲ್ಲಿ ಹ್ಯಾಮಂಡ್ ಕಂಪನಿ ಮಾರುಕಟ್ಟೆಗೆ ತಂದ ನೋವಾಕಾರ್ಡ್ ವಾದ್ಯದಲ್ಲಿ 163 ವಾಲ್ವ್ ಇದ್ದವು. ಅಷ್ಟು ದೂರ ನಾವು ಹೋಗಬೇಕಿಲ್ಲ. ಆರು ವಾಲ್ವ್ ಇದ್ದರೆ ಒಂದು ಒಳ್ಳೆಯ ಸಿಂಥ್ ಆಗುತ್ತದೆ.

ಮೊದಲು ಜೀವ

ಇದನ್ನು ಲೇಖನದ ಕೊನೆಗೆ ತಳ್ಳಲು ನನಗೆ ಮನಸ್ಸಿಲ್ಲ. 230 ವೋಲ್ಟ್ ವೈರಿಂಗ್ ಕೆಲಸ ನೀವು ಯಾವತ್ತೂ ಮಾಡಿಲ್ಲ ಅಂದರೆ ಇದನ್ನು ಮೊದಲ ಕೆಲಸವಾಗಿ ಎತ್ತಿಕೊಳ್ಳಬೇಡಿ. ಕೊರ್ಗ್ ಮತ್ತು ನೊರಿಟಾಕೆ ಸೇರಿ ತಂದ ನ್ಯೂಟ್ಯೂಬ್ ಇದೆ, ಕಡಿಮೆ ವೋಲ್ಟ್‌ನಲ್ಲೇ ಓಡುತ್ತದೆ. ಇಸಿಸಿ88 ತರಹದ ವಾಲ್ವ್‌ಗಳು ಪ್ಲೇಟ್‌ಗೆ 25–30 ವೋಲ್ಟ್ ಕೊಟ್ಟರೂ ಸ್ವರ ಹೊರಡಿಸುತ್ತವೆ. ಅವುಗಳಲ್ಲಿ ಕೈ ಪಳಗಿಸಿಕೊಂಡು ಇಲ್ಲಿಗೆ ಬನ್ನಿ.

ಇಲ್ಲಿ ಅಪಾಯ ಎರಡು ಕಡೆ ಇದೆ. ಒಂದು, ಪ್ಲಗ್ ಹಾಕಿರುವಾಗ. ಇನ್ನೊಂದು, ಪ್ಲಗ್ ಕಿತ್ತ ಮೇಲೆ. 100 ಮೈಕ್ರೊಫ್ಯಾರಡ್‌ನ ಎರಡು ಕಂಡೆನ್ಸರ್ 340 ವೋಲ್ಟ್‌ಗೆ ತುಂಬಿದ್ದರೆ ಅವುಗಳಲ್ಲಿ ಸುಮಾರು 11.5 ಜೌಲ್ ಶಕ್ತಿ ಕೂತಿರುತ್ತದೆ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

'ನಮ್ಮ ಮನೇಲಿ ಆರ್‌ಸಿಸಿಬಿ ಇದೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತೆ' ಎಂದು ತುಂಬಾ ಜನ ನಂಬಿಕೊಂಡಿರುತ್ತಾರೆ. ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯಲ್ಲಿ ಅದು ನಿಮ್ಮನ್ನು ಕಾಯುವುದಿಲ್ಲ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಮಾತ್ರ ಆರ್‌ಸಿಸಿಬಿ ನೋಡುತ್ತದೆ. ಸೆಕೆಂಡರಿಯಿಂದ (ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯ ಸುತ್ತು) ನಿಮ್ಮ ಕೈಗೆ ಬಂದ ಕರೆಂಟ್ ತಿರುಗಿ ಸೆಕೆಂಡರಿಗೇ ಹೋಗುತ್ತದೆ. ಪ್ರೈಮರಿ (ಸಾಕೆಟ್ ಬದಿಯ ಸುತ್ತು) ಕಡೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಅದು ಟ್ರಿಪ್ ಆಗುವುದಿಲ್ಲ.

ಹಾಗಾಗಿ ಕೆಲವು ಅಭ್ಯಾಸಗಳು ಬೇಕು. ಕರೆಂಟ್ ಇರುವಾಗ ಅಳೆಯುವುದಾದರೆ ಕಪ್ಪು ಪ್ರೋಬ್ ಅನ್ನು ಕ್ಲಿಪ್‌ನಿಂದ ಚಾಸಿಗೆ (ಲೋಹದ ಪೆಟ್ಟಿಗೆಗೆ) ಸಿಕ್ಕಿಸಿ, ಎಡಗೈ ಜೇಬಿನಲ್ಲಿರಲಿ, ಬಲಗೈಯಲ್ಲಿ ಕೆಂಪು ಪ್ರೋಬ್ ಒಂದೇ. ಉಂಗುರ, ಕಡಗ, ಲೋಹದ ವಾಚು ಬಿಚ್ಚಿಡಿ. ಬರಿಗಾಲು ಬೇಡ. ಮನೆಯಲ್ಲಿ ಒಬ್ಬರಾದರೂ ಎಚ್ಚರವಾಗಿರಲಿ, ಮೇನ್ ಸ್ವಿಚ್ ಎಲ್ಲಿದೆ ಅಂತ ಅವರಿಗೆ ತೋರಿಸಿರಿ. ಮೀಟರ್ ಕ್ಯಾಟ್ 3, 600 ವೋಲ್ಟ್ ಅಂತ ಬರೆದಿರುವಂಥದ್ದಾಗಿರಲಿ. ಒಂದು 1ಕೆ 10 ವಾಟ್ ರೆಸಿಸ್ಟರ್‌ಗೆ ಎರಡೂ ಕಡೆ ಇನ್ಸುಲೇಶನ್ ಚೆನ್ನಾಗಿರುವ ವೈರ್, ಒಂದು ತುದಿಗೆ ಮೊಸಳೆ ಕ್ಲಿಪ್, ಇನ್ನೊಂದು ತುದಿಗೆ ಹಳೆಯ ಮೀಟರ್ ಪ್ರೋಬ್ ಹಾಕಿ ಇಟ್ಟುಕೊಳ್ಳಿ. ಕಂಡೆನ್ಸರ್ ಖಾಲಿ ಮಾಡಲು ಅದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡ, ಕಂಡೆನ್ಸರ್‌ಗೂ ಕಣ್ಣಿಗೂ ಒಳ್ಳೆಯದಲ್ಲ.

ಟ್ರಾನ್ಸ್‌ಫಾರ್ಮರ್ ಸುತ್ತಿಸುವುದು

ಇಂಟರ್‌ನೆಟ್‌ನಲ್ಲಿ ಸಿಗುವ ಎಷ್ಟೋ ಸರ್ಕ್ಯೂಟ್‌ಗಳಲ್ಲಿ ಎರಡು 12 ವೋಲ್ಟ್ ಟ್ರಾನ್ಸ್‌ಫಾರ್ಮರ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸುತ್ತಾರೆ. ಮೊದಲನೆಯದು 230ರಿಂದ 12ಕ್ಕೆ ಇಳಿಸುತ್ತದೆ, ತಿರುಗಿಸಿ ಹಾಕಿದ ಎರಡನೆಯದು 12ರಿಂದ ಮೇಲಕ್ಕೇರಿಸುತ್ತದೆ. ಕೆಲಸ ಮಾಡುತ್ತದೆ, ಸುಲಭವೂ ಹೌದು. ಆದರೆ ತಿರುಗಿಸಿ ಹಾಕಿದಾಗ ಪೂರ್ತಿ 230 ಬರುವುದಿಲ್ಲ, 180–200ರ ಸುಮಾರು ಸಿಗುತ್ತದೆ. ಸಾಕೆಟ್ ವೋಲ್ಟೇಜ್ ಇಳಿದಾಗ ವೋಲ್ಟೇಜ್ ಅಲ್ಲಾಡದಂತೆ ಹಿಡಿಯುವ ರೆಗ್ಯುಲೇಟರ್‌ಗೆ ಬೇಕಾದ ಅಂತರ ಉಳಿಯುವುದೇ ಇಲ್ಲ.

ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರು ಇನ್ನೂ ಇದ್ದಾರೆ. ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಮುತ್ತ ವಿಚಾರಿಸಿದರೆ ಸಿಗುತ್ತಾರೆ, ಬೇರೆ ಊರುಗಳಲ್ಲಿ ಸ್ಟೆಬಿಲೈಸರ್ ರಿಪೇರಿಯವರನ್ನು ಕೇಳಿ. ಚೀಟಿಯಲ್ಲಿ ಹೀಗೆ ಬರೆದುಕೊಡಿ: ಪ್ರೈಮರಿ 230 ವೋಲ್ಟ್. ಸೆಕೆಂಡರಿ ಒಂದು, 240 ವೋಲ್ಟ್ 150 ಮಿಲಿಆಂಪ್. ಸೆಕೆಂಡರಿ ಎರಡು, 15 ವೋಲ್ಟ್ 2.5 ಆಂಪ್. ಸೆಂಟರ್ ಟ್ಯಾಪ್ ಬೇಡ. ಪ್ರೈಮರಿಗೂ ಸೆಕೆಂಡರಿಗೂ ನಡುವೆ ತಾಮ್ರದ ಶೀಲ್ಡ್ ಹಾಕಿ, ಅದರ ವೈರ್ ಬೇರೆಯಾಗಿ ಹೊರಗೆ ತೆಗೆಯಿರಿ. ವಾರ್ನಿಷ್ ಹಾಕಲೇಬೇಕು.

60 ಮಿಲಿಆಂಪ್ ಡಿಸಿಗೆ 150 ಮಿಲಿಆಂಪ್ ವೈಂಡಿಂಗ್ ಯಾಕೆ? ಬ್ರಿಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಆದ ಮೇಲೆ ದೊಡ್ಡ ಕಂಡೆನ್ಸರ್ ಇದ್ದಾಗ ಕರೆಂಟ್ ಸಮನಾಗಿ ಹರಿಯುವುದಿಲ್ಲ. ಪ್ರತಿ ಅಲೆಯ ತುದಿಯಲ್ಲಿ ಮಾತ್ರ ದಬಕ್ಕನೆ ನುಗ್ಗುತ್ತದೆ. ವೈಂಡಿಂಗ್ ಕಾಯುವುದು ಆ ನುಗ್ಗಾಟಕ್ಕೆ. ಡಿಸಿ ಕರೆಂಟ್‌ನ 1.8 ಪಟ್ಟು ಲೆಕ್ಕ ಹಿಡಿದರೆ 108 ಮಿಲಿಆಂಪ್ ಆಯಿತು. 150 ಅಂದರೆ ಟ್ರಾನ್ಸ್‌ಫಾರ್ಮರ್ ತಣ್ಣಗಿರುತ್ತದೆ. ಹೀಟರ್‌ಗೂ ಅದೇ ಲೆಕ್ಕ.

ಕಚ್ಚಾ ಎಚ್‌ಟಿ

ಸಾಕೆಟ್‌ನಿಂದ ಶುರು ಮಾಡೋಣ. ಮೂರು ಪಿನ್ನಿನ ಪ್ಲಗ್, ಫೇಸ್ ದಾರಿಯಲ್ಲಿ 500 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್, ಆಮೇಲೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್. ಹಳೆಯ ಮನೆಗಳ ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಒಂದೇ ತಂತಿ ಕಡಿಯುವ ಸ್ವಿಚ್ ಇದ್ದರೆ ಆಫ್ ಮಾಡಿದ ಮೇಲೂ ಟ್ರಾನ್ಸ್‌ಫಾರ್ಮರ್‌ನಲ್ಲಿ ಫೇಸ್ ಉಳಿದಿರುತ್ತದೆ.

240 ವೋಲ್ಟ್ ಸೆಕೆಂಡರಿಯ ಒಂದು ತಂತಿಯಲ್ಲಿ 200 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್ ಹಾಕಿ, ಬ್ರಿಜ್‌ಗೆ ಮುಂಚೆ. ಬ್ರಿಜ್ ಆದ ಮೇಲೆ ಡಿಸಿ ಕಡೆ ಹಾಕಬೇಡಿ. ಅಂಗಡಿಯಲ್ಲಿ ಸಿಗುವ ಗಾಜಿನ ಫ್ಯೂಸ್ 250 ವೋಲ್ಟ್ ಎಸಿಗೆ ಮಾಡಿದ್ದು. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ, ಹಾಗಾಗಿ ಫ್ಯೂಸ್ ಹಾರಿದಾಗ ಒಳಗಿನ ಕಿಡಿ ಆರುತ್ತದೆ. 330 ವೋಲ್ಟ್ ಡಿಸಿ ಸೊನ್ನೆಗೆ ಇಳಿಯುವುದೇ ಇಲ್ಲ. ತಂತಿ ಕರಗಿದ ಮೇಲೂ ಕಿಡಿ ಉರಿಯುತ್ತಿರಬಹುದು.

ಬ್ರಿಜ್‌ಗೆ ನಾಲ್ಕು 1ಎನ್4007 ಡಯೋಡ್ ಸಾಕು. ಆಮೇಲೆ 100 ಮೈಕ್ರೊಫ್ಯಾರಡ್, 100 ಓಮ್ 5 ವಾಟ್ ರೆಸಿಸ್ಟರ್, ಮತ್ತೆ 100 ಮೈಕ್ರೊಫ್ಯಾರಡ್. ಕಂಡೆನ್ಸರ್ ಎರಡೂ 450 ವೋಲ್ಟ್‌ನವು. 400ರದ್ದು ಅಗ್ಗ, ಆದರೆ ಲೆಕ್ಕ ನೋಡಿ. ಸಾಕೆಟ್‌ನಲ್ಲಿ ರಾತ್ರಿ 250 ವೋಲ್ಟ್ ಬಂದರೆ ಸೆಕೆಂಡರಿ 261 ಆಗುತ್ತದೆ. ಅದರ ತುದಿ 369. ವಾಲ್ವ್ ಇನ್ನೂ ತಣ್ಣಗಿದ್ದು ಲೋಡ್ ಇಲ್ಲದಿದ್ದರೆ ಅದಕ್ಕೆ ಇನ್ನೂ ಶೇಕಡಾ 5 ಸೇರಿಸಿ: 387. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಹೀಟರ್ ಬಿಸಿಯಾಗುವ ತನಕ ಕಂಡೆನ್ಸರ್ ಇದನ್ನು ತಡೆದುಕೊಳ್ಳಬೇಕು.

ಈಗ ಬ್ಲೀಡರ್, ಅಂದರೆ ಆಫ್ ಮಾಡಿದ ಮೇಲೆ ಕಂಡೆನ್ಸರ್ ಖಾಲಿ ಮಾಡುವ ರೆಸಿಸ್ಟರ್. 47ಕೆ 2 ವಾಟ್‌ನ ಎರಡು ರೆಸಿಸ್ಟರ್ ಸೀರೀಸ್‌ನಲ್ಲಿ, ನೇರವಾಗಿ ಮೊದಲ ಕಂಡೆನ್ಸರ್‌ನ ಕಾಲುಗಳಿಗೇ ಸೋಲ್ಡರ್ ಮಾಡಿ. ಒಂದೇ 100ಕೆ ಹಾಕಬಹುದಲ್ವಾ ಅಂತ ಅನಿಸಬಹುದು. ರೆಸಿಸ್ಟರ್‌ಗೆ ವಾಟ್ ಮಿತಿ ಇರುವ ಹಾಗೆ ವೋಲ್ಟ್ ಮಿತಿಯೂ ಇದೆ. ಕಾಲು ವಾಟ್‌ನ ಸಾಮಾನ್ಯ ರೆಸಿಸ್ಟರ್‌ಗೆ 250 ವೋಲ್ಟ್ ಅಷ್ಟೇ. ಎರಡಾಗಿ ಹಂಚಿದರೆ ಎರಡೂ ನಿರಾಳವಾಗಿರುತ್ತವೆ. 94ಕೆ ಮತ್ತು 200 ಮೈಕ್ರೊಫ್ಯಾರಡ್ ಸೇರಿದರೆ 340 ವೋಲ್ಟ್ 30ಕ್ಕೆ ಇಳಿಯಲು ಸುಮಾರು 45 ಸೆಕೆಂಡ್ ಬೇಕು. ನೀವು ಎರಡು ನಿಮಿಷ ಕಾಯಿರಿ. ಆಮೇಲೂ ಮೀಟರ್ ಇಟ್ಟು ನೋಡಿ, ಯಾಕೆಂದರೆ ಬ್ಲೀಡರ್ ಕಾಲೇ ಮುರಿದಿರಬಹುದು.

ಕಂಡೆನ್ಸರ್ ಹೊಸದನ್ನೇ ಕೊಳ್ಳಿ. ಹಳೆಯ ರೇಡಿಯೊದಿಂದ ಬಿಚ್ಚಿದ್ದು ಬೇಡ. ವಾಲ್ವ್ ಮಾತ್ರ ಹಳೆಯದಾದರೂ ಪರವಾಗಿಲ್ಲ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಶುರು ಮಾಡಿತು. ಆ ಹೆಸರಿನ ವಾಲ್ವ್‌ಗಳು ಹಳೆಯ ರೇಡಿಯೊ ಅಂಗಡಿಗಳಲ್ಲಿ ರಟ್ಟಿನ ಡಬ್ಬಿ ಸಮೇತ ಈಗಲೂ ಕಣ್ಣಿಗೆ ಬೀಳುತ್ತವೆ. ನಮ್ಮೂರಲ್ಲೇ ಹುಟ್ಟಿದ ವಾಲ್ವ್ ನಮ್ಮ ಸಿಂಥ್‌ನಲ್ಲಿ ಹಾಡುವುದು ನನಗಂತೂ ದೊಡ್ಡ ಖುಷಿ.

250ಕ್ಕೆ ಕಟ್ಟಿ ಹಾಕುವುದು

ಮೊದಲ ರೆಗ್ಯುಲೇಟರ್ ಸರಳವಾಗಿದೆ: ಝೀನರ್‌ಗಳ (ತನ್ನ ಮೇಲೆ ಇಂತಿಷ್ಟೇ ವೋಲ್ಟ್ ಹಿಡಿದು ನಿಲ್ಲುವ ಡಯೋಡ್) ಒಂದು ಸರ, ಅದರ ಬೆನ್ನಿಗೆ ಒಂದು ಮಾಸ್‌ಫೆಟ್ ಟ್ರಾನ್ಸಿಸ್ಟರ್. 51 ವೋಲ್ಟ್ 1 ವಾಟ್‌ನ 1ಎನ್4757ಎ ಝೀನರ್ ಐದನ್ನು ಸಾಲಾಗಿ ಜೋಡಿಸಿ, 255 ವೋಲ್ಟ್ ಆಯಿತು. ಕಚ್ಚಾ ಎಚ್‌ಟಿಯಿಂದ ಈ ಸರದ ತಲೆಗೆ 22ಕೆ 2 ವಾಟ್ ರೆಸಿಸ್ಟರ್. ಸರದ ಮೇಲೆ ಅಡ್ಡಲಾಗಿ 10 ಮೈಕ್ರೊಫ್ಯಾರಡ್ 450 ವೋಲ್ಟ್ ಕಂಡೆನ್ಸರ್. ಇದು ಉಳಿದ 100 ಹರ್ಟ್ಸ್ ಹಮ್ (ಗುಂಯ್ ಸದ್ದು) ಅನ್ನು ನುಂಗುತ್ತದೆ.

ಸರದ ತಲೆಯಿಂದ 47ಕೆ 2 ವಾಟ್ ರೆಸಿಸ್ಟರ್ ಮೂಲಕ ಐಆರ್‌ಎಫ್840 ಮಾಸ್‌ಫೆಟ್‌ನ ಗೇಟ್‌ಗೆ ಹೋಗಿ. ಈ ರೆಸಿಸ್ಟರ್ ಗೇಟ್ ಕಾಲಿಗೆ ಅಂಟಿಕೊಂಡಂತೆ ಇರಬೇಕು. ದೂರ ಇಟ್ಟರೆ ಮಾಸ್‌ಫೆಟ್ ತಾನೇ ಆಸಿಲೇಟರ್ ಆಗಿ ಎಲ್ಲೋ ಮೆಗಾಹರ್ಟ್ಸ್‌ನಲ್ಲಿ ಕುಣಿಯತೊಡಗುತ್ತದೆ. ಡ್ರೈನ್ ಕಚ್ಚಾ ಎಚ್‌ಟಿಗೆ. ಸೋರ್ಸ್‌ನಿಂದ 6.8 ಓಮ್ ರೆಸಿಸ್ಟರ್ ದಾಟಿದರೆ ನಮ್ಮ 250 ವೋಲ್ಟ್. ಗೇಟ್‌ಗೂ ಔಟ್‌ಪುಟ್‌ಗೂ ನಡುವೆ 12 ವೋಲ್ಟ್ ಝೀನರ್ ಒಂದು ಹಾಕಿ, ಪಟ್ಟಿ ಇರುವ ತುದಿ ಗೇಟ್ ಕಡೆಗೆ. ಇಲ್ಲದಿದ್ದರೆ ಗೇಟ್ ಒಂದು ದಿನ ತೂತಾಗುತ್ತದೆ.

6.8 ಓಮ್ ಸುಮ್ನೆ ಹಾಕಿದ್ದಲ್ಲ. ಒಂದು ಬಿಸಿ547 ಟ್ರಾನ್ಸಿಸ್ಟರ್ ತೆಗೆದುಕೊಂಡು ಅದರ ಬೇಸ್ ಅನ್ನು ಮಾಸ್‌ಫೆಟ್‌ನ ಸೋರ್ಸ್‌ಗೆ, ಎಮಿಟರ್ ಅನ್ನು ಔಟ್‌ಪುಟ್‌ಗೆ, ಕಲೆಕ್ಟರ್ ಅನ್ನು ಗೇಟ್‌ಗೆ ಕೊಡಿ. ಕರೆಂಟ್ ಸುಮಾರು 95 ಮಿಲಿಆಂಪ್ ಮುಟ್ಟಿದಾಗ ಬಿಸಿ547 ಎಚ್ಚರವಾಗಿ ಗೇಟ್ ಅನ್ನು ಕೆಳಗೆ ಎಳೆಯುತ್ತದೆ. ಪ್ರೋಬ್ ಜಾರಿ ಶಾರ್ಟ್ ಆದಾಗ ಮಾಸ್‌ಫೆಟ್ ಉಳಿಯುವುದು ಇದರಿಂದಲೇ. ಫ್ಯೂಸ್ ಅಷ್ಟು ಬೇಗ ಹಾರುವುದಿಲ್ಲ, ಸಿಲಿಕಾನ್ ಯಾವಾಗಲೂ ಮೊದಲು ಸಾಯುತ್ತದೆ. ಆದರೆ ಶಾರ್ಟ್ ಹಾಗೇ ಉಳಿದರೆ ಮಾಸ್‌ಫೆಟ್‌ನಲ್ಲಿ 30 ವಾಟ್ ಶಾಖ ಏಳುತ್ತದೆ. ಕೆಲವು ಸೆಕೆಂಡ್‌ಗಳಲ್ಲಿ ಸ್ವಿಚ್ ಆಫ್ ಮಾಡಬೇಕು.

ಮಾಮೂಲು ಓಟದಲ್ಲಿ ಅದು 4ರಿಂದ 7 ವಾಟ್ ಬಿಸಿಯಾಗುತ್ತದೆ. ಅಂಗೈ ಅಗಲದ ಹೀಟ್‌ಸಿಂಕ್ ಬೇಕು. ಇಲ್ಲಿ ಗಮನ ಕೊಡಿ: ಐಆರ್‌ಎಫ್840ರ ಬೆನ್ನಿನ ಲೋಹವೇ ಡ್ರೈನ್. ಅಂದರೆ ಅದರ ಮೇಲೆ 330 ವೋಲ್ಟ್ ಇರುತ್ತದೆ. ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ವಾಷರ್ ಎರಡೂ ಹಾಕಿ. ಹೀಟ್‌ಸಿಂಕ್ ಅನ್ನು ಅರ್ಥಿಂಗ್ ಇರುವ ಚಾಸಿಗೆ ಬೋಲ್ಟ್ ಮಾಡಿ. ಕರೆಂಟ್ ಕೊಡುವ ಮುಂಚೆ ಡ್ರೈನ್‌ಗೂ ಚಾಸಿಗೂ ನಡುವೆ ಮೀಟರ್ ಬೀಪ್ ಮಾಡುತ್ತದಾ ನೋಡಿ. ಮೈಕಾದಲ್ಲಿ ಕೂದಲೆಳೆಯಷ್ಟು ಲೋಹದ ಚೂರು ಸಿಕ್ಕಿಕೊಂಡಿದ್ದಕ್ಕೆ ನನ್ನದು ಒಮ್ಮೆ ಢಂ ಅಂದಿದೆ.

ಔಟ್‌ಪುಟ್‌ನಲ್ಲಿ 1 ಮೈಕ್ರೊಫ್ಯಾರಡ್ 400 ವೋಲ್ಟ್ ಫಿಲ್ಮ್ ಕಂಡೆನ್ಸರ್ ಸಾಕು.

ಆಸಿಲೇಟರ್‌ಗೆ ತನ್ನದೇ 150

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಫಿಲ್ಟರ್, ವಿಸಿಎ (ಸದ್ದಿನ ಮಟ್ಟ ಏರಿಳಿಸುವ ಹಂತ), ಔಟ್‌ಪುಟ್ ಹಂತಗಳಿಗೆ ಈ 250 ಧಾರಾಳವಾಯಿತು. ಆಸಿಲೇಟರ್‌ಗೆ ಸಾಲದು. 51 ವೋಲ್ಟ್ ಝೀನರ್ ಬಿಸಿಯಾದಷ್ಟೂ ಅದರ ವೋಲ್ಟ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು ಶೇಕಡಾ 0.1. ಪೆಟ್ಟಿಗೆಯ ಒಳಗೆ 10 ಡಿಗ್ರಿ ಏರಿದರೆ ಶೇಕಡಾ 1. ಸಂಗೀತದ ಲೆಕ್ಕದಲ್ಲಿ ಅದು 17 ಸೆಂಟ್ (ಒಂದು ಸ್ವರಸ್ಥಾನದ ಅಂತರ ಅಂದರೆ 100 ಸೆಂಟ್). ತಂಬೂರಿಯ ಜೊತೆ ಕೇಳಿದರೆ ಯಾರಿಗಾದರೂ ಕಿವಿ ಚುಚ್ಚುತ್ತದೆ. ನಾನು ಕಷ್ಟಪಟ್ಟು ಕಲಿತದ್ದು ಇದನ್ನೇ. ಮೋಟಾರ್ ತೊಂದರೆ ನೀಗಿತು ಅಂತ ಖುಷಿಪಡುವಷ್ಟರಲ್ಲಿ ಅರ್ಧ ಗಂಟೆಯ ಅಭ್ಯಾಸದಲ್ಲಿ ಶ್ರುತಿ ಮೆಲ್ಲಗೆ ಮೇಲೆ ತೆವಳುವುದು ಕೇಳಿಸಿತು.

ಅದಕ್ಕೆ ಮದ್ದು ವಾಲ್ವ್ ಕಾಲದಲ್ಲೇ ಇತ್ತು. 0ಎ2 ಅನ್ನುವ ಗ್ಯಾಸ್ ವಾಲ್ವ್. ಏಳು ಪಿನ್ನಿನ ಪುಟ್ಟ ಗಾಜಿನ ಬುರುಡೆ, ಹೀಟರ್ ಇಲ್ಲ. ಹೊತ್ತಿಕೊಳ್ಳಲು 185 ವೋಲ್ಟ್ ಬೇಕು. ಹೊತ್ತಿಕೊಂಡ ಮೇಲೆ 5ರಿಂದ 30 ಮಿಲಿಆಂಪ್ ತನಕ ಎಷ್ಟೇ ಕರೆಂಟ್ ಹರಿದರೂ ತನ್ನ ಮೇಲೆ ಹೆಚ್ಚುಕಡಿಮೆ 150 ವೋಲ್ಟ್ ಹಿಡಿದು ನಿಲ್ಲುತ್ತದೆ.

250ರಿಂದ 4.7ಕೆ 5 ವಾಟ್ ರೆಸಿಸ್ಟರ್ ಮೂಲಕ ಇದಕ್ಕೆ ಕೊಡಿ. ಆ ರೆಸಿಸ್ಟರ್‌ನಲ್ಲಿ 100 ವೋಲ್ಟ್ ಬಿದ್ದು 21 ಮಿಲಿಆಂಪ್ ಹರಿಯುತ್ತದೆ. ಅದರಲ್ಲಿ 10 ಮಿಲಿಆಂಪ್ ತನಕ ಆಸಿಲೇಟರ್ ತೆಗೆದುಕೊಳ್ಳಲಿ, ಮಿಕ್ಕಿದ್ದು 0ಎ2ಗೆ. ಆಸಿಲೇಟರ್ ವಾಲ್ವ್ ತಣ್ಣಗಿರುವಾಗ ಎಲ್ಲಾ 21 ಮಿಲಿಆಂಪ್ ಅದಕ್ಕೇ ಹೋದರೂ 30ರ ಒಳಗೇ ಇದೆ. ಇದಕ್ಕೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್‌ಗಿಂತ ದೊಡ್ಡ ಕಂಡೆನ್ಸರ್ ಹಾಕಬೇಡಿ. ಹಾಕಿದರೆ ತುಂಬುವುದು, ಸುರಿಯುವುದು, ತುಂಬುವುದು ಅಂತ ಅದೇ ಗರಗಸದ ಅಲೆ ಹೊರಡಿಸಲು ಶುರುಮಾಡುತ್ತದೆ. 1930ರಲ್ಲಿ ಬರ್ಲಿನ್‌ನಲ್ಲಿ ಬಂದ ಟ್ರೌಟೋನಿಯಂ ಅನ್ನುವ ವಾದ್ಯ ಇದೇ ಗುಣವನ್ನು ಹಿಡಿದು ನಿಯಾನ್ ದೀಪದಿಂದ ಸ್ವರ ತೆಗೆಯುತ್ತಿತ್ತು. ನಮಗೆ ಇಲ್ಲಿ ಅದು ಬೇಡ.

ವೈರಿಂಗ್‌ನಲ್ಲಿ ಒಂದು ಚಂದದ ಉಪಾಯ ಇದೆ. 0ಎ2ನಲ್ಲಿ 1 ಮತ್ತು 5ನೇ ಪಿನ್ ಎರಡೂ ಆ್ಯನೋಡ್, ಒಳಗೆ ಕೂಡಿಕೊಂಡಿವೆ. 4.7ಕೆ ರೆಸಿಸ್ಟರ್ ಅನ್ನು 1ನೇ ಪಿನ್ನಿಗೆ ಕೊಟ್ಟು, ಆಸಿಲೇಟರ್‌ಗೆ ಹೋಗುವ ವೈರ್ ಅನ್ನು 5ನೇ ಪಿನ್ನಿನಿಂದ ತೆಗೆಯಿರಿ. ಯಾರಾದರೂ 0ಎ2 ಕಿತ್ತರೆ ಆಸಿಲೇಟರ್‌ಗೆ ಎಚ್‌ಟಿಯೇ ಹೋಗುವುದಿಲ್ಲ. ಇಲ್ಲದಿದ್ದರೆ 150ಕ್ಕೆ ಮಾಡಿದ ಸರ್ಕ್ಯೂಟ್‌ಗೆ 250 ನುಗ್ಗುತ್ತದೆ. ಕ್ಯಾಥೋಡ್ 2, 4, 7ನೇ ಪಿನ್.

0ಎ2 ಸಿಗದಿದ್ದರೆ ಎಲ್‌ಆರ್8 ಅನ್ನುವ ಪುಟಾಣಿ ಐಸಿ ಇದೆ. 450 ವೋಲ್ಟ್ ತನಕ ತಡೆಯುತ್ತದೆ, 10 ಮಿಲಿಆಂಪ್ ಕೊಡುತ್ತದೆ. ಒಂದೇ ಆಸಿಲೇಟರ್‌ಗೆ ಸಾಕು.

ಹೀಟರ್

12ಎಎಕ್ಸ್7 ಮತ್ತು 12ಎಯು7 ಎರಡೂ 12.6 ವೋಲ್ಟ್‌ನಲ್ಲಿ 150 ಮಿಲಿಆಂಪ್ ತೆಗೆದುಕೊಳ್ಳುತ್ತವೆ. ಆರಕ್ಕೆ 0.9 ಆಂಪ್. ಹೀಟರ್ ತಣ್ಣಗಾದರೂ ಸ್ವರ ಅಲ್ಲಾಡುತ್ತದೆ, ಹಾಗಾಗಿ ಇದಕ್ಕೂ ರೆಗ್ಯುಲೇಟರ್ ಬೇಕು. 15 ವೋಲ್ಟ್ ಸೆಕೆಂಡರಿ, 4 ಆಂಪ್ ಬ್ರಿಜ್, 10,000 ಮೈಕ್ರೊಫ್ಯಾರಡ್ 35 ವೋಲ್ಟ್ ಕಂಡೆನ್ಸರ್, ಎಲ್‌ಎಂ317 ರೆಗ್ಯುಲೇಟರ್ ಐಸಿ. ಔಟ್‌ಪುಟ್‌ನಿಂದ ಅಡ್ಜಸ್ಟ್ ಕಾಲಿಗೆ 220 ಓಮ್, ಅಲ್ಲಿಂದ ಮೈನಸ್‌ಗೆ 2ಕೆ. 12.7 ವೋಲ್ಟ್ ಬರುತ್ತದೆ. ಹೀಟ್‌ಸಿಂಕ್ ಧಾರಾಳವಾಗಿರಲಿ, ಸಾಕೆಟ್ ವೋಲ್ಟೇಜ್ ಏರಿದಾಗ 7 ವಾಟ್ ದಾಟುತ್ತದೆ. ಇದರ ಬೆನ್ನನ್ನೂ ಚಾಸಿಗೆ ತಾಗಿಸಬೇಡಿ.

ಹೀಟರ್‌ನ ಮೈನಸ್ ಅನ್ನು ನೇರ ಗ್ರೌಂಡ್‌ಗೆ ಕೊಡಬಾರದು. ಸಿಂಥ್‌ನಲ್ಲಿ ಕ್ಯಾಥೋಡ್ ಫಾಲೋವರ್‌ಗಳು (ಸಿಗ್ನಲ್ ಅನ್ನು ಕ್ಯಾಥೋಡ್‌ನಿಂದ ಹೊರಗೆ ಕೊಡುವ ವಾಲ್ವ್ ಹಂತಗಳು) ಜಾಸ್ತಿ. ಅವುಗಳ ಕ್ಯಾಥೋಡ್ 130–150 ವೋಲ್ಟ್‌ನಲ್ಲಿ ಕೂತಿರುತ್ತದೆ. ಇಸಿಸಿ83ರಲ್ಲಿ (12ಎಎಕ್ಸ್7ಗೆ ಯುರೋಪಿನ ಹೆಸರು) ಹೀಟರ್‌ಗೂ ಕ್ಯಾಥೋಡ್‌ಗೂ ನಡುವಿನ ಮಿತಿ 180 ವೋಲ್ಟ್. ಅಂಚಿನಲ್ಲಿ ನಡೆಸುವುದು ಯಾಕೆ? 250ರಿಂದ ಗ್ರೌಂಡ್‌ಗೆ 220ಕೆ ಮತ್ತು 47ಕೆ ಸೀರೀಸ್ ಹಾಕಿ, ಕೂಡುವ ಜಾಗದಲ್ಲಿ 44 ವೋಲ್ಟ್ ಸಿಗುತ್ತದೆ. ಅಲ್ಲಿಂದ ಗ್ರೌಂಡ್‌ಗೆ 10 ಮೈಕ್ರೊಫ್ಯಾರಡ್ 100 ವೋಲ್ಟ್ ಕಂಡೆನ್ಸರ್. ಹೀಟರ್ ಮೈನಸ್ ಅನ್ನು ಆ ಜಾಗಕ್ಕೆ ಕಟ್ಟಿ. ಹಮ್ ಕೂಡ ಕಡಿಮೆಯಾಗುತ್ತದೆ. ಆಮೇಲೆ ಈ 12.7 ವೋಲ್ಟ್ ಇದೆಯಲ್ಲ ಅಂತ ಅದರಿಂದ ಆಪ್‌ಆಂಪ್ ನಡೆಸಲು ಹೋಗಬೇಡಿ, ಅದೀಗ ಗ್ರೌಂಡ್‌ನಿಂದ 44 ವೋಲ್ಟ್ ಮೇಲೆ ಕೂತಿದೆ.

ಪೆಟ್ಟಿಗೆ ಮತ್ತು ವೈರಿಂಗ್

ಲೋಹದ ಪೆಟ್ಟಿಗೆಯೇ ಆಗಬೇಕು. ಅರ್ಥಿಂಗ್ ವೈರ್‌ಗೆ ರಿಂಗ್ ಟರ್ಮಿನಲ್ ಹಾಕಿ, ಬಣ್ಣ ಕೆರೆದ ಜಾಗದಲ್ಲಿ ಹಲ್ಲಿರುವ ವಾಷರ್ ಇಟ್ಟು, ಅದಕ್ಕೆಂದೇ ಇರುವ ಬೋಲ್ಟ್‌ಗೆ ಬಿಗಿಯಿರಿ. ಆ ವೈರ್ ಫೇಸ್ ಮತ್ತು ನ್ಯೂಟ್ರಲ್‌ಗಿಂತ ಸ್ವಲ್ಪ ಉದ್ದ ಇರಲಿ. ಯಾರಾದರೂ ಕೇಬಲ್ ಎಳೆದರೆ ಕೊನೆಗೆ ಕಿತ್ತು ಬರುವುದು ಅರ್ಥಿಂಗ್ ಆಗಬೇಕು. ಟ್ರಾನ್ಸ್‌ಫಾರ್ಮರ್ ಶೀಲ್ಡ್ ವೈರ್ ಕೂಡ ಅಲ್ಲಿಗೇ.

ತೂತಿನ ಸಾಲುಗಳಿರುವ ವೆರೋ ಬೋರ್ಡ್ ಇಲ್ಲಿ ಬೇಡ. ಅದರ ತಾಮ್ರದ ಪಟ್ಟಿಗಳ ನಡುವೆ ಜಾಗ ತೀರಾ ಕಡಿಮೆ. ಹಳೆಯ ರೇಡಿಯೊಗಳಲ್ಲಿ ಇರುವಂಥ ಟ್ಯಾಗ್ ಸ್ಟ್ರಿಪ್ ಬಳಸಿ. ವೈರ್ 600 ವೋಲ್ಟ್‌ನ ಟೆಫ್ಲಾನ್ ಆದರೆ ಒಳ್ಳೆಯದು, ಸೋಲ್ಡರ್ ಬಿಸಿಗೆ ಕರಗುವುದೂ ಇಲ್ಲ. ಬ್ರಿಜ್‌ನ ಮೈನಸ್ ನೇರವಾಗಿ ಮೊದಲ ಕಂಡೆನ್ಸರ್‌ನ ಮೈನಸ್‌ಗೆ ಹೋಗಲಿ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಸಿಂಥ್‌ನ ಗ್ರೌಂಡ್. ಚಾಸಿಗೆ ಒಂದೇ ಜಾಗದಲ್ಲಿ, ಎರಡನೆಯ ಕಂಡೆನ್ಸರ್ ಹತ್ತಿರ ಕೂಡಿಸಿ. ಈ ಸಾಲು ತಪ್ಪಿದರೆ ಎಷ್ಟು ಫಿಲ್ಟರ್ ಹಾಕಿದರೂ ಗುಂಯ್ ಅನ್ನುವುದು ಹೋಗುವುದಿಲ್ಲ.

ಕರೆಂಟ್ ಕೊಡುವ ದಿನ

ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಸೀರೀಸ್ ಬಲ್ಬ್ ಬೋರ್ಡ್ ನೋಡಿರುತ್ತೀರಿ. ಫೇಸ್ ದಾರಿಯಲ್ಲಿ ತಂತಿ ಇರುವ ಒಂದು 60 ವಾಟ್ ಬಲ್ಬ್, ಅದರ ಆಚೆ ಸಾಕೆಟ್. ಒಂದನ್ನು ಮಾಡಿಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ, ಉಲ್ಟಾ ಹಾಕಿದ ಕಂಡೆನ್ಸರ್ ಸಿಡಿಯುತ್ತದೆ.

ಮೊದಲು ಬರೀ ಟ್ರಾನ್ಸ್‌ಫಾರ್ಮರ್. ಬಲ್ಬ್ ಒಮ್ಮೆ ಮಿಂಚಿ ಆರಬೇಕು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಎರಡೂ ಸೆಕೆಂಡರಿ ಅಳೆದು ಬರೆದಿಡಿ. ಆಮೇಲೆ ಆಫ್ ಮಾಡಿ ಬ್ರಿಜ್, ಕಂಡೆನ್ಸರ್, ಬ್ಲೀಡರ್ ಜೋಡಿಸಿ. ಕರೆಂಟ್ ಕೊಟ್ಟು 340–360ರ ಸುಮಾರು ಬಂದದ್ದು ನೋಡಿ, ಆಫ್ ಮಾಡಿ, ಪ್ರೋಬ್ ತೆಗೆಯದೆ ಮೀಟರ್ ಇಳಿಯುವುದನ್ನೇ ನೋಡುತ್ತಾ ಕೂರಿ. ಒಂದು ನಿಮಿಷದ ಒಳಗೆ 30ಕ್ಕಿಂತ ಕೆಳಗೆ ಬರಬೇಕು. ಬ್ಲೀಡರ್ ಕೆಲಸ ಮಾಡುತ್ತಿದೆ ಅನ್ನುವುದನ್ನು ಕಣ್ಣಾರೆ ನೋಡದೆ ಮುಂದೆ ಹೋಗಬೇಡಿ.

ಮೂರನೆಯದು ರೆಗ್ಯುಲೇಟರ್. 250ರ ಆಚೀಚೆ ಎರಡು–ಮೂರು ವೋಲ್ಟ್ ಪರವಾಗಿಲ್ಲ. ಈಗ ಲೋಡ್ ಬೇಕು. ಇದಕ್ಕೆ ಮನೆಯಲ್ಲೇ ಒಂದು ವಸ್ತು ಇದೆ: ತಂತಿ ಇರುವ ಹಳೆಯ ಝೀರೊ ವಾಟ್ ಬಲ್ಬ್. ಹೆಸರು ಝೀರೊ ಆದರೂ ಅದು 15 ವಾಟ್‌ನಷ್ಟು ತಿನ್ನುತ್ತದೆ. 250 ವೋಲ್ಟ್ ಡಿಸಿಯಲ್ಲಿ ಸುಮಾರು 65 ಮಿಲಿಆಂಪ್, ನಮಗೆ ಬೇಕಾದ್ದು ಅಷ್ಟೇ. ಎಲ್ಇಡಿಯದು ಆಗುವುದಿಲ್ಲ. ಆಫ್ ಇರುವಾಗಲೇ ಹೋಲ್ಡರ್ ಸಮೇತ ಜೋಡಿಸಿ, ಸೀರೀಸ್ ಬೋರ್ಡ್ ತೆಗೆದು ನೇರ ಸಾಕೆಟ್‌ಗೆ ಹಾಕಿ ಸ್ವಿಚ್ ಒತ್ತಿ. ತಂತಿ ತಣ್ಣಗಿರುವಾಗ ಅದು ಕರೆಂಟ್ ಜಾಸ್ತಿ ಎಳೆಯುತ್ತದೆ, ಆಗ ಬಿಸಿ547 ತಡೆಯುತ್ತದೆ. ಹಾಗಾಗಿ ಬಲ್ಬ್ ದಬಕ್ಕನೆ ಹೊತ್ತಿಕೊಳ್ಳದೆ ಮೆಲ್ಲಗೆ ಅರಳಿದರೆ ನಿಮ್ಮ ಕರೆಂಟ್ ಮಿತಿಯೂ ಸರಿಯಾಗಿದೆ ಅಂತ ಅರ್ಥ. ಅರ್ಧ ಗಂಟೆ ಉರಿಯಲಿ. ಆಫ್ ಮಾಡಿ, ಕಂಡೆನ್ಸರ್ ಖಾಲಿಯಾದದ್ದನ್ನು ಅಳೆದು, ಆಮೇಲೆ ಹೀಟ್‌ಸಿಂಕ್ ಮುಟ್ಟಿ ನೋಡಿ.

ಬಲ್ಬ್ ತೆಗೆದು 0ಎ2, ಹೀಟರ್, ಕೊನೆಗೆ ಸಿಂಥ್. ಹೀಟರ್ ಬಿಸಿಯಾಗಿ ಒಂದು ಇಪ್ಪತ್ತು ನಿಮಿಷ ಆದ ಮೇಲೆ ಶ್ರುತಿ ಮಾಡಿ. ನನ್ನ ಬೆಂಚಿನ ಮೇಲೆ ಈಗ ಮೂರು ಮೀಟರ್ ಇವೆ. ಪಕ್ಕದ ಮನೆಯ ಮೋಟಾರ್ ಇವತ್ತೂ ಸಂಜೆ ಶುರುವಾಯಿತು. ಸಾಕೆಟ್ ಮೀಟರ್ 229ರಿಂದ 210ಕ್ಕೆ ಬಿತ್ತು. ಎಚ್‌ಟಿ ಮೀಟರ್ ಒಂದು ವೋಲ್ಟ್ ಇಳಿಯಿತು. 0ಎ2 ಮೇಲಿನ ಮೀಟರ್‌ನಲ್ಲಿ ಕೊನೆಯ ಅಂಕಿ ಮಾತ್ರ ಒಮ್ಮೆ ಮಿಸುಕಿತು. ತಂಬೂರಿ ನಡೆಯುತ್ತಲೇ ಇತ್ತು, ಷಡ್ಜ ಅಲ್ಲೇ ನಿಂತಿತ್ತು.